ಹೆಸರಿನ ಕೆಳಗಿನ ಸಾಲು

ಲಗ್ನಪತ್ರಿಕೆ ಹುಡುಗನ ಹೆಸರಿನವರೆಗೆ ಸರಾಗವಾಗಿ ಬಂದು ಅಲ್ಲಿ ನಿಂತುಬಿಟ್ಟಿತು.

ಅದಕ್ಕಿಂತ ಮೇಲಿನದೆಲ್ಲ ಸರಿಯಾಗಿತ್ತು. ಮನೆದೇವರು, ಮಠದ ಸ್ವಾಮಿಗಳ ಆಶೀರ್ವಾದ, ಜೂನ್ ಹದಿನಾರರ ಭಾನುವಾರದ ಮುಹೂರ್ತ, ಎಲ್ಲವನ್ನೂ ಹುಡುಗಿಯ ತಂದೆ ಉಜ್ಜನಪ್ಪ ಶಿವಮೊಗ್ಗದ ದುರ್ಗಿಗುಡಿಯ ಪ್ರೆಸ್ಸಿನಲ್ಲಿ ನಿಂತುಕೊಂಡೇ ಎರಡು ಸಲ ಓದಿ ಒಪ್ಪಿದ್ದರು. ‘ಚಿ॥ ಪ್ರಸನ್ನಕುಮಾರ್, ಬಿ.ಇ.’ ಎಂಬುದೂ ಸರಿಯಾಗಿಯೇ ಇತ್ತು. ಅದರ ಕೆಳಗೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ, ಹುಡುಗ ಎಲ್ಲಿ ಕೆಲಸದಲ್ಲಿದ್ದಾನೆ ಎಂಬ ಸಾಲು ಬರಬೇಕು. ಈ ಕಡೆಯ ಜನ ಲಗ್ನಪತ್ರಿಕೆ ಕೈಗೆ ಬಂದರೆ ಮೊದಲು ಓದುವುದು ಆ ಸಾಲನ್ನೇ. ಆಮೇಲೆ ಛತ್ರ ಎಲ್ಲಿ ಅಂತ. ಹುಡುಗನ ಹೆಸರು ಬೇಕಾದರೆ ಕೊನೆಗೆ.

ಉಜ್ಜನಪ್ಪ ಆ ಸಾಲು ಖಾಲಿ ಬಿಡಿಸಿ, ಬಸ್ಸು ಹತ್ತಿ ಭದ್ರಾವತಿಗೆ ವಾಪಸು ಬಂದರು. ಹೆಂಡತಿ ಜಗದಾಂಬಾ ನಡುಮನೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

“ಯಾಕ್ರೀ ಖಾಲಿ ಬಿಟ್ರಿ?”

“ಏನಂತ ಹಾಕ್ಸಲಿ? ಪತ್ರಿಕೆ ಹಂಚೋವಾಗ ಒಂದು ಆಫೀಸು, ತಾಳಿ ಕಟ್ಟೋವಾಗ ಇನ್ನೊಂದು. ಮುಂದಿನ ವರ್ಷ ಯಾವ ಸೇಠು ಕೊಂಡ್ಕೋತಾನೋ.”

ಅದು ಎರಡು ಸಾವಿರದ ಎರಡನೇ ಇಸವಿಯ ಮೇ ತಿಂಗಳು. ಜೂನ್ ಒಂದರಿಂದ ಊರೂರಿಗೆ ಕರೆಂಟು ಹಂಚುವ ಕೆಲಸ ಬೇರೆ ಬೇರೆ ಕಂಪನಿಗಳಿಗೆ ಹೋಗುತ್ತದೆ, ಶಿವಮೊಗ್ಗದ ಕಡೆಯದು ಮಂಗಳೂರಿನ ಜೊತೆ ಸೇರುತ್ತದೆ, ಮುಂದೆ ಖಾಸಗಿಯವರಿಗೆ ಕೊಡುವ ಆಲೋಚನೆಯೂ ಇದೆ ಎಂದು ಪೇಪರಿನಲ್ಲಿ ಬಂದಿತ್ತು. ಪ್ರಸನ್ನಕುಮಾರ್ ಶಿವಮೊಗ್ಗದಲ್ಲಿ ಕರೆಂಟ್ ಬೋರ್ಡಿನ ಇಂಜಿನಿಯರು. ನಿಜ ಹೇಳಬೇಕೆಂದರೆ ಮೂರು ವರ್ಷದ ಹಿಂದೆಯೇ ಬೋರ್ಡು ಹೋಗಿ ನಿಗಮ ಬಂದಿತ್ತು. ಆದರೆ ಜನ ಬೋರ್ಡು ಬೋರ್ಡು ಅಂತಲೇ ಅನ್ನುತ್ತಿದ್ದುದರಿಂದ ಉಜ್ಜನಪ್ಪ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕಂಪನಿ ಎಂಬ ಮಾತು ಬಂದ ಮೇಲೆ ತೆಗೆದುಕೊಂಡರು.

ಬೋರ್ಡಿನ ಹುಡುಗ ಎಂದೇ ಜನವರಿಯಲ್ಲಿ ಅವರು ಈ ಸಂಬಂಧಕ್ಕೆ ಹೂಂ ಅಂದಿದ್ದು. ಹೆಣ್ಣು ನೋಡಲು ಬಂದ ಸಂಜೆ ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಕತ್ತಲೆಯಲ್ಲಿ ಎಲ್ಲರೂ ತನ್ನ ಕಡೆಗೇ ತಿರುಗಿದ್ದಾರೆ ಎಂದು ಹುಡುಗನಿಗೆ ಗೊತ್ತಾಗಿರಬೇಕು. “ಇದು ನಾನು ಮಾಡಿದ್ದಲ್ಲ” ಅಂದ. ಅಡುಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದ ತನುಜಾಳಿಗೆ ನಗು ತಡೆಯಲಾಗದೆ ತಟ್ಟೆಯಲ್ಲಿನ ಕಪ್ಪುಗಳು ಕಿಣಿಕಿಣಿ ಅಂದವು. ಮಗಳು ಒಪ್ಪಿದಳು ಎಂದು ಜಗದಾಂಬಾಗೆ ತಿಳಿದದ್ದು ಆ ಕಪ್ಪುಗಳಿಂದ.

ಉಜ್ಜನಪ್ಪನವರು ಕಂಪನಿ ಎಂಬ ಮಾತಿಗೆ ಬೆಚ್ಚಿದ್ದು ಸುಮ್ಮನೆ ಅಲ್ಲ. ಅವರು ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಫೋರ್‌ಮನ್ ಆಗಿದ್ದವರು. ಮದುವೆಯಾದಾಗಿನಿಂದ ಕ್ವಾರ್ಟರ್ಸಿನಲ್ಲಿ ಸಂಸಾರ. ಅಲ್ಲಿ ಕರೆಂಟು ಹೋಗುತ್ತಿರಲಿಲ್ಲ. ಕರೆಂಟಿಗೆ ಅಂತ ಸಂಬಳದಲ್ಲಿ ಒಂದಿಷ್ಟು ಹಿಡಿದುಕೊಳ್ಳುತ್ತಿದ್ದರು; ಎಷ್ಟು ಉರಿಸಿದರೂ ಅಷ್ಟೇ. ಹೀಗಾಗಿ ಆ ಬೀದಿಗಳಲ್ಲಿ ಸ್ವಿಚ್ಚು ಎಂಬುದು ಹಾಕುವುದಕ್ಕೆ ಮಾತ್ರ ಇದ್ದ ವಸ್ತು, ಆರಿಸುವ ರೂಢಿ ಯಾರಿಗೂ ಇರಲಿಲ್ಲ. ಮುಂದೊಂದು ದಿನ ಕಾರ್ಖಾನೆಯ ಗೇಟಿನ ಮೇಲಿನ ಹೆಸರು ಬದಲಾಯಿತು. ಮೊದಲಿನದಕ್ಕಿಂತ ದೊಡ್ಡ ಹೆಸರೇ ಬಂತು. ಕೆಲವು ಕಾಲದ ಮೇಲೆ, ಬೇಕಾದವರು ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಳ್ಳಬಹುದು ಅಂದರು. ಉಜ್ಜನಪ್ಪ ತೆಗೆದುಕೊಂಡರು. ಬೇಕಾಗಿ ತೆಗೆದುಕೊಂಡರೋ ಬೇಡವಾಗಿಯೋ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಂದ ದುಡ್ಡಿನಲ್ಲಿ ಹೊಸಮನೆ ಬಡಾವಣೆಯಲ್ಲಿ ಒಂದು ಮನೆಯಾಯಿತು. ಇಲ್ಲಿಗೆ ಬಂದು ವರ್ಷಗಳಾದರೂ ಅವರ ಕೈ ಸ್ವಿಚ್ಚು ಆರಿಸುವುದನ್ನು ಕಲಿತಿರಲಿಲ್ಲ. ಜಗುಲಿಯ ಬಲ್ಬು ಮಟಮಟ ಮಧ್ಯಾಹ್ನ ಬಿಸಿಲಿಗೆ ಪೈಪೋಟಿಯಾಗಿ ಉರಿಯುತ್ತಿತ್ತು. ಜಗದಾಂಬಾ ಒಲೆಯಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಒಲೆಗೆ ಹೋಗುವ ದಾರಿಯಲ್ಲಿ ಅದನ್ನು ಆರಿಸಿಕೊಂಡೇ ಓಡಾಡುತ್ತಿದ್ದಳು.

“ಗೇಟಿನ ಮೇಲೆ ಹೆಸರು ಬದಲಾಯ್ತು ಅಂದ್ರೆ, ಆಮೇಲೆ ಗೇಟಿನೊಳಗಿನ ಜನ ಬದಲಾಗ್ತಾರೆ,” ಅಂದರು ಉಜ್ಜನಪ್ಪ. “ನಾನು ನೋಡಿದೀನಿ. ನನ್ನ ಮಗಳಿಗೆ ಅದು ಬೇಡ.”

ಜಗದಾಂಬಾ ಅಕ್ಕಿಯಲ್ಲಿ ಸಿಕ್ಕ ಕಲ್ಲೊಂದನ್ನು ಹೊರಗೆ ಹಾಕಿದಳು. ಇವರಿಗೆ ಸಿಟ್ಟಿಲ್ಲ, ದುರಾಸೆಯೂ ಇಲ್ಲ, ಹೆದರಿಕೆ ಎಂದು ಅವಳಿಗೆ ಗೊತ್ತಿತ್ತು. ಹೆದರಿದ ಗಂಡಸಿನ ಜೊತೆ ವಾದ ಮಾಡುವುದಕ್ಕಿಂತ ಅವರಿಗೆ ಊಟಕ್ಕೆ ಹಾಕುವುದು ವಾಸಿ ಎಂದುಕೊಂಡು ಎದ್ದಳು.

ಅದೇ ವಾರ ಅವಳ ರುಬ್ಬುವ ಗ್ರೈಂಡರಿನ ಮೋಟಾರು ಸುಟ್ಟಿತು. ಬೀದಿಯವರ ದೋಸೆ ಹಿಟ್ಟನ್ನೆಲ್ಲ ಅವಳೇ ರುಬ್ಬಿಕೊಡುತ್ತಿದ್ದಳು. ಬೇಸಿಗೆಯ ಸಂಜೆ ಎಲ್ಲರ ಮನೆಯ ಫ್ಯಾನೂ ತಿರುಗುವ ಹೊತ್ತಿಗೆ ವೋಲ್ಟೇಜು ಇಳಿದು, ಗ್ರೈಂಡರು ಗರ್ಭಿಣಿಯ ಹಾಗೆ ನರಳಿ ನಿಂತುಬಿಡುತ್ತಿತ್ತು. ಈ ಸಲ ಹೊಗೆಯೂ ಬಂತು. ಮೋಟಾರನ್ನು ಚೀಲಕ್ಕೆ ಹಾಕಿಕೊಂಡು ಹಳೇ ಊರಿನಲ್ಲಿದ್ದ ಜಾಕಿರನ ವೈಂಡಿಂಗ್ ಅಂಗಡಿಗೆ ಹೋದಳು. ಸುಟ್ಟ ಮೋಟಾರಿನ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವುದು ಅವನ ಕಸುಬು.

“ಬನ್ನಿ ಜಗದಕ್ಕ. ಮತ್ತೆ ಬಂತಾ ಇದು? ನಮ್ಮ ಸಂಬಂಧಿಕರೇ ಇಷ್ಟು ಸಲ ಬರಲ್ಲ.”

“ಕರೆಂಟು ಖಾಸಗಿಯವರ ಕೈಗೆ ಹೋದ್ರೆ ವೋಲ್ಟೇಜು ಸರಿ ಹೋಗುತ್ತಂತಲ್ಲ ಜಾಕಿರ್?”

“ತೋಬಾ ತೋಬಾ. ಹಂಗನ್ಬೇಡಿ ಅಕ್ಕ. ವೋಲ್ಟೇಜು ಸರಿ ಹೋದ್ರೆ ನನ್ನ ಮಕ್ಳು ಏನು ತಿನ್ಬೇಕು? ಹೊಳೆಹೊನ್ನೂರಿಂದ ಇಲ್ಲೀತನಕ ಪಂಪ್‌ಸೆಟ್ಟೆಲ್ಲ ಸುಟ್ಕೊಂಡು ನನ್ನ ಹತ್ರಾನೇ ಬರೋದು. ಸರ್ಕಾರ ರೈತರಿಗೆ ಕರೆಂಟು ಕೊಡುತ್ತೆ, ನನಗೆ ರೈತರ ಮೋಟ್ರು ಕೊಡುತ್ತೆ. ಎಲ್ರೂ ಸುಖವಾಗಿದೀವಿ.”

“ನಾನು?”

“ನಿಮಗೆ ನಾನಿದೀನಲ್ಲ.”

ಅವನು ಮೋಟಾರು ಬಿಚ್ಚಿ ಮೂಸಿ ನೋಡಿ ಬದಿಗಿಟ್ಟ. ಆಮೇಲೆ ಸ್ವಲ್ಪ ದನಿ ಇಳಿಸಿ ಹೇಳಿದ: “ತಮಾಷೆ ಬಿಡಿ. ಖಾಸಗಿಯವನು ಬಂದ್ರೆ ಪೇಟೆಗೆ ಚೆನ್ನಾಗೇ ಕೊಡ್ತಾನೆ ಅಕ್ಕ, ಇಲ್ಲಿ ದುಡ್ಡಿದೆಯಲ್ಲ. ಹೊಳೆ ಆಚೆ ಒಂದು ಒಂಟಿ ಮನೆಗೆ ಅಂತ ಸಾಲು ಕಂಬ ನಡ್ತಾನಾ? ಸರ್ಕಾರ ಆದ್ರೆ ಓಟಿಗಾದ್ರೂ ನಡುತ್ತೆ.”

ಬರುವಾಗ ದಾರಿಯುದ್ದಕ್ಕೂ ಜಗದಾಂಬಾ ಅದನ್ನೇ ಯೋಚಿಸಿದಳು. ಒಳ್ಳೆ ವೋಲ್ಟೇಜು ಬರುವುದಾದರೆ ಹಿಟ್ಟು ರುಬ್ಬುವವಳಿಗೆ ಯಾವ ಸೇಠಾದರೇನು. ಆದರೆ ಪಾತ್ರೆ ತೊಳೆಯಲು ಬರುವ ದುರ್ಗಮ್ಮನ ಗುಡಿಸಲಿನಲ್ಲಿ ಸರ್ಕಾರ ಬಿಟ್ಟಿಯಾಗಿ ಕೊಟ್ಟ ಒಂದೇ ಒಂದು ಬಲ್ಬು ಇತ್ತು. ಅದರ ಕೆಳಗೆ ಅವಳ ಮಗಳು ಓದಿಕೊಂಡು ಏಳನೇ ಕ್ಲಾಸು ಮುಗಿಸಿದ್ದಳು. ಲಾಭ ನೋಡುವವನ ಕಣ್ಣಿಗೆ ಆ ಬಲ್ಬು ಹೇಗೆ ಕಂಡೀತು? ಎರಡೂ ಅವಳಿಗೆ ನಿಜವೇ ಅನ್ನಿಸಿತು. ಎರಡು ನಿಜ ಇಟ್ಟುಕೊಂಡು ಮನೆಗೆ ಬಂದು ಸಾರಿಗೆ ಬೇಳೆ ಹಾಕಿದಳು.

ಗಂಡನಿಗೆ ಅಷ್ಟರಲ್ಲಿ ಒಂದು ಉಪಾಯ ಹೊಳೆದಿತ್ತು. ಜೂನ್ ಒಂದಕ್ಕೆ ಮೊದಲೇ ಮದುವೆ ಮುಗಿಸಿಬಿಟ್ಟರೆ, ತಾಳಿ ಕಟ್ಟುವ ದಿನ ಹುಡುಗ ಹಳೇ ಆಫೀಸಿನವನೇ ಆಗಿರುತ್ತಾನೆ, ಪತ್ರಿಕೆಯಲ್ಲಿ ಹಾಗೇ ಹಾಕಿಸಬಹುದು, ಸುಳ್ಳಾಗುವುದಿಲ್ಲ. ಆಮೇಲೆ ಏನಾದರೂ ಆದರೆ ಅದು ಮದುವೆಯ ಮೇಲೆ ಆದದ್ದು.

ಇದನ್ನು ಹೊತ್ತುಕೊಂಡು ಗಂಡ ಹೆಂಡತಿ ಇಬ್ಬರೂ ದುರ್ಗಿಗುಡಿಗೆ, ಬೀಗರ ಮನೆಗೆ ಹೋದರು. ಹುಡುಗನ ತಂದೆ ಹಾಲಸ್ವಾಮಿ ಜವಳಿ ವ್ಯಾಪಾರಿ. ಕೆಳಗೆ ಅಂಗಡಿ, ಮೇಲೆ ಮನೆ. ಹುಡುಗ ಆಫೀಸಿಗೆ ಹೋಗಿದ್ದ.

“ಬೀಗರೇ, ಒಂದು ವಿಚಾರ,” ಎಂದು ಉಜ್ಜನಪ್ಪ ಗಂಟಲು ಸರಿಮಾಡಿಕೊಂಡರು. “ಜೂನ್ ಹದಿನಾರು ಅಂದ್ರೆ ಜ್ಯೇಷ್ಠ ಮಾಸ. ನಮ್ಮದು ಹಿರೀ ಮಗಳು, ನಿಮ್ಮದು ಹಿರೀ ಮಗ. ಜ್ಯೇಷ್ಠದಲ್ಲಿ ಹಿರೀ ಮಕ್ಕಳಿಬ್ಬರನ್ನ ಸೇರಿಸಬಾರದು ಅಂತಾರೆ. ಈ ಮೇ ತಿಂಗಳಲ್ಲೇ ಮುಗಿಸಿಬಿಟ್ರೆ ಹೇಗೆ?”

ಹುಡುಗನ ತಾಯಿ ಪದ್ಮಮ್ಮ ಕಾಫಿ ತಂದಿಟ್ಟು ಹೇಳಿದರು: “ನಮ್ಮನೇಲಿ ಹಿರೀದು ಮಗಳು ಅಣ್ಣಾ. ದಾವಣಗೆರೆಗೆ ಕೊಟ್ಟಿದೀವಲ್ಲ, ನಿಶ್ಚಿತಾರ್ಥದ ದಿನ ನಿಮ್ಮ ಎಲೆಗೆ ಎರಡು ಸಲ ಹೋಳಿಗೆ ಬಡಿಸಿದ್ಲು. ಪ್ರಸನ್ನ ಎರಡನೆಯವನು.”

“ಹೌದಲ್ವಾ,” ಅಂದರು ಉಜ್ಜನಪ್ಪ. ಮಗಳನ್ನೂ ಎಣಿಸಬೇಕು ಎಂದು ಅವರಿಗೆ ಹೊಳೆದಿರಲಿಲ್ಲ.

ಹಾಲಸ್ವಾಮಿ ನಕ್ಕರು. “ಜೂನ್ ಒಂದರ ಭಯ ಅಂತ ನೇರವಾಗಿ ಹೇಳಿ ಮಾರಾಯ್ರೇ. ಜ್ಯೇಷ್ಠ ಮಾಸ ನಿಮಗೇನು ಮಾಡ್ತು? ಕಂಪನಿ ಆದ್ರೆ ಆಗ್ಲಿ, ಪ್ರೈವೇಟ್ ಆದ್ರೂ ಆಗ್ಲಿ. ನನ್ನ ಅಂಗಡೀನೂ ಪ್ರೈವೇಟೇ. ಗಿರಾಕಿ ಬಂದ್ರೆ ಎದ್ದು ನಿಲ್ತೀನಿ. ಅವರ ಆಫೀಸಿಗೆ ಹೋಗಿ ನೋಡಿ, ಯಾರು ಏಳ್ತಾರೆ? ಅಪ್ಪ ಹೋದ್ರೆ ನನ್ನ ಮಗನೇ ಏಳಲ್ಲ.”

“ನಿಮ್ಮ ಸೀರೆ ಹಿಡಿಸ್ಲಿಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತೀನಿ. ಕರೆಂಟಿಗೆ ಪಕ್ಕದ ಅಂಗಡಿ ಎಲ್ಲಿದೆ? ಬೀದಿಗೆ ಇರೋದು ಒಂದು ತಂತಿ.”

“ಈಗಲೂ ಒಂದೇ ತಂತಿ. ಅದಕ್ಕೂ ಕೊಕ್ಕೆ ಹಾಕಿ ಕದ್ದು ಉರಿಸ್ತಾರೆ. ಅದೆಲ್ಲ ಸೇರ್ಸಿ ನನ್ನ ಬಿಲ್ಲಿಗೆ ಬರುತ್ತೆ. ಪ್ರೈವೇಟಿನವನು ಆ ಕೊಕ್ಕೆ ಕೀಳಿಸ್ತಾನೋ ಇಲ್ವೋ ನೋಡಿ.”

“ಕೀಳಿಸಿ, ತನ್ನ ಕಾರಿನ ಡೀಸೆಲ್ಲು ಸೇರ್ಸಿ ಬಿಲ್ಲು ಕಳಿಸ್ತಾನೆ.”

“ಕಳಿಸ್ಲಿ, ಫ್ಯಾನು ತಿರುಗುತ್ತಲ್ಲ?”

“ತಿರುಗೋ ಫ್ಯಾನಿನ ಕೆಳಗೆ ಕೂತ್ಕೊಂಡು ನಮ್ಮ ಕ್ವಾರ್ಟರ್ಸಿನಲ್ಲಿ ಎಷ್ಟು ಜನ ಅತ್ರು ಗೊತ್ತಾ ಬೀಗರೇ?”

ಹಾಲಸ್ವಾಮಿ ಲೋಟ ಎತ್ತಿ ಉಳಿದ ಕಾಫಿ ಕುಡಿದರು. ಉಜ್ಜನಪ್ಪನವರೂ ಮಾತು ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. “ಹಂಗಾದ್ರೆ ಮಾಘ ಮಾಸದ ತನಕ ತಡೆಯೋಣ,” ಅಂದರು. “ಅಷ್ಟೊತ್ತಿಗೆ ಮಾರ್ತಾರೋ ಇಲ್ವೋ ಗೊತ್ತಾಗುತ್ತೆ.”

ಪದ್ಮಮ್ಮ ಕಾಫಿ ಲೋಟಗಳನ್ನು ಒಂದರೊಳಗೊಂದು ಇಟ್ಟರು. ಉಜ್ಜನಪ್ಪನವರ ಲೋಟದಲ್ಲಿ ಇನ್ನೂ ಅರ್ಧ ಕಾಫಿ ಇತ್ತು, ಅದನ್ನೂ ಎತ್ತಿಕೊಂಡರು.

“ಮಾರೋದು ಕಂಪನೀನಾ, ನಮ್ಮ ಹುಡುಗನ್ನಾ ಅಣ್ಣಾ?” ಅಂದರು. ದನಿ ಏರಿಸಲಿಲ್ಲ. “ನಮ್ಮ ಕಡೆ ಮಂಟಪಕ್ಕೆ ಹೇಳಿ ಆಗಿದೆ, ನೆಂಟರಿಗೆ ಬಾಯಲ್ಲಿ ಕರೆದೂ ಆಗಿದೆ. ಈ ಭಾನುವಾರದೊಳಗೆ ಪತ್ರಿಕೆ ನಮ್ಮ ಕೈಗೆ ಬರ್ಲಿ. ಬರ್ಲಿಲ್ಲ ಅಂದ್ರೆ ನಿಮಗೆ ಈ ಸಂಬಂಧ ಬೇಡ ಅಂತ ನಾವು ತಿಳ್ಕೋತೀವಿ. ಜಗಳ ಏನಿಲ್ಲ.”

ಅವರು ಮನೆಗೆ ಬಂದಾಗ ತನುಜಾ ಸೀರೆ ಇಸ್ತ್ರಿ ಮಾಡುತ್ತಿದ್ದಳು. ಅಪ್ಪ ಒಳಗೆ ಹೋಗುವ ತನಕ ತಲೆಯೆತ್ತಲಿಲ್ಲ. ಕರೆಂಟು ಹೋಗಿ ಎಷ್ಟು ಹೊತ್ತಾಗಿತ್ತೋ, ಜಗದಾಂಬಾ ಇಸ್ತ್ರಿ ಪೆಟ್ಟಿಗೆ ಮುಟ್ಟಿ ನೋಡಿದರೆ ತಣ್ಣಗಿತ್ತು. ಹುಡುಗಿ ಅದನ್ನೇ ಹಿಂದೆ ಮುಂದೆ ಆಡಿಸುತ್ತಿದ್ದಳು.

“ಅಮ್ಮ, ಅಪ್ಪಂಗೆ ಯಾವ ಇಲಾಖೆಯ ಹುಡುಗ ಬೇಕಂತೆ?”

“ಅವರಿಗೇ ಗೊತ್ತಿಲ್ಲ ಕಣೇ.”

“ನನಗೆ ಗೊತ್ತಿದೆ. ಇಲಾಖೆ ಯಾವುದಾದ್ರೂ ಸರಿ, ಹುಡುಗ ಇವನೇ.” ಹೇಳಿ, ಮಡಿಚಿದ ಸೀರೆಯನ್ನು ಮತ್ತೆ ಬಿಡಿಸಿ ಇಸ್ತ್ರಿ ಮಾಡತೊಡಗಿದಳು.

ಜಗದಾಂಬಾ ಮಗಳ ತಲೆ ಮೇಲೆ ಕೈಯಿಟ್ಟಳು. ಮರುದಿನ ಬೆಳಗ್ಗೆ ತಿಂಡಿ ಮುಗಿಸಿ, ಮಧ್ಯಾಹ್ನಕ್ಕೆ ಚಿತ್ರಾನ್ನ ಕಲಸಿಟ್ಟು, ರವಿಕೆ ಬಟ್ಟೆ ತರಬೇಕು ಎಂದು ಗಂಡನಿಗೆ ಹೇಳಿ ಶಿವಮೊಗ್ಗದ ಬಸ್ಸು ಹತ್ತಿದಳು. ಬಸ್ ಸ್ಟ್ಯಾಂಡಿನ ಎಸ್.ಟಿ.ಡಿ. ಬೂತಿನಿಂದ ಹುಡುಗನ ಆಫೀಸಿಗೆ ಫೋನು ಮಾಡಿ, ದುರ್ಗಿಗುಡಿಯ ಪ್ರೆಸ್ಸಿನ ಹತ್ತಿರ ಬರಲು ಹೇಳಿದಳು. ಪ್ರಸನ್ನಕುಮಾರ್ ಊಟದ ಹೊತ್ತಿಗೆ ಸ್ಕೂಟರಿನಲ್ಲಿ ಬಂದ. ಅತ್ತೆಯನ್ನು ಒಬ್ಬಳನ್ನೇ ಕಂಡು ಹೆಲ್ಮೆಟ್ಟು ತೆಗೆಯುವುದನ್ನು ಮರೆತು ನಿಂತ.

“ಕಂಪನಿ ಮಾರಿದ್ರೆ ನಿಮ್ಮ ಕೆಲಸ ಏನಾಗುತ್ತೆ?” ಎಂದು ಜಗದಾಂಬಾ ನೇರವಾಗಿ ಕೇಳಿದಳು.

“ಕೆಲಸ ಹೋಗಲ್ಲ, ಪೆನ್ಷನ್ನೂ ಇರುತ್ತೆ ಅಂತ ಯೂನಿಯನ್‌ನವರು ಹೇಳ್ತಾರೆ ಅತ್ತೆ.”

“ನೀವೇನು ಹೇಳ್ತೀರಿ?”

“ನಂಗೆ ಗೊತ್ತಿಲ್ಲ. ಸ್ವಲ್ಪ ಭಯಾನೂ ಇದೆ. ಆದ್ರೆ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದಾಗ, ತಂತಿ ಯಾರದ್ದೇ ಆದ್ರೂ ಯಾರಾದ್ರೂ ಹೋಗ್ಲೇಬೇಕಲ್ಲ. ನಾವೇ ಹೋಗೋದು.”

“ನಿಮ್ಮ ಮಾವನವರು ಇದನ್ನೇ ಕೇಳಿದ್ರೆ ಏನು ಹೇಳ್ತೀರಿ?”

“ಇದನ್ನೇ ಹೇಳ್ತೀನಿ.”

“ಭಯದ ಮಾತೊಂದು ಬಿಟ್ಬಿಡಿ. ಅವರ ಹತ್ರ ಈಗಾಗ್ಲೇ ಸಾಕಷ್ಟಿದೆ,” ಅಂದಳು ಜಗ‌ದಾಂಬಾ. ಆಮೇಲೆ, “ಹೆಲ್ಮೆಟ್ಟು ತೆಗೀರಿ, ಸೆಕೆ,” ಅಂದಳು. ಅವನು ತೆಗೆದು, ಊಟಕ್ಕೆ ಮನೆಗೆ ಬನ್ನಿ ಅಂತ ಕರೆದು, ಬರುವುದಿಲ್ಲ ಎಂದು ತಿಳಿದು ಆಫೀಸಿಗೆ ಹೋದ.

ಪ್ರೆಸ್ಸಿನ ಶೇಷಪ್ಪ ಕನ್ನಡಕ ಮೇಲೇರಿಸಿ ಕೇಳಿದ: “ಬಂತಾ ಅಮ್ಮ ಸಾಲು?”

“ಹುಡುಗನ ಹೆಸರಿನ ಕೆಳಗೆ ‘ವಿದ್ಯುತ್ ಇಂಜಿನಿಯರ್, ಶಿವಮೊಗ್ಗ’ ಅಂತ ಹಾಕಿ. ಅಷ್ಟೇ.”

“ಯಾವ ಕಂಪನಿ ಅಂತ ಬೇಡ್ವಾ?”

“ಬೇಡ. ಅವರಿಗೆ ಬರೋ ಕೆಲಸ ಅದು. ಯಾರು ಕೊಂಡ್ರೂ ಅದು ಬದಲಾಗಲ್ಲ.”

ಶೇಷಪ್ಪ ಬರೆದುಕೊಂಡ. ಪೆನ್ನು ಕೆಳಗಿಡಲಿಲ್ಲ. “ಇನ್ನೊಂದು?” ಅಂದ.

“ಇನ್ನೊಂದು ಯಾವುದು?”

“ಯಜಮಾನ್ರು ಎರಡು ಕಡೆ ಖಾಲಿ ಬಿಡ್ಸಿದಾರಲ್ಲಮ್ಮ. ಕೆಳಗಡೆ, ಕರೆಯೋರ ಹೆಸರಿರುತ್ತಲ್ಲ, ಬೀಗರ ಹೆಸರಿನ ಕೆಳಗೆ ‘ಜವಳಿ ವ್ಯಾಪಾರಿಗಳು’ ಅಂತ ಬಂತು. ಇವರ ಹೆಸರಿನ ಕೆಳಗೆ ‘ನಿವೃತ್ತ’ ಅಂತ ಹಾಕ್ದೆ, ತೆಗೆಸಿದ್ರು. ಕಾರ್ಖಾನೆ ಹೆಸರು ಹಾಕ್ಲಾ ಅಂದೆ, ಯಾವ ಹೆಸರು ಅಂದ್ರು. ಅರ್ಧ ಗಂಟೆ ಇಲ್ಲೇ ಸ್ಟೂಲಿನ ಮೇಲೆ ಕೂತಿದ್ರು. ಹುಡುಗಂದು ಎರಡು ನಿಮಿಷಕ್ಕೆ ಬೇಡ ಅಂದ್ರು. ಕೂತಿದ್ದು ಇದಕ್ಕೆ.”

ಜಗದಾಂಬಾ ಆ ಸ್ಟೂಲನ್ನು ನೋಡಿದಳು. ಒಂದು ಕಾಲು ಗಿಡ್ಡವಾಗಿ, ಕೆಳಗೆ ಮಡಿಚಿದ ಕಾಗದ ಕೊಟ್ಟಿದ್ದರು. ಅದರ ಮೇಲೆ ತಾನೂ ಸ್ವಲ್ಪ ಹೊತ್ತು ಕೂತಳು. ಮದುವೆಯಾಗಿ ಬಂದ ಹೊಸದರಲ್ಲಿ, ಎರಡನೇ ಪಾಳಿ ಮುಗಿಸಿ ಬರುತ್ತಿದ್ದ ಗಂಡನ ಅಂಗಿಯಲ್ಲಿ ಕುಲುಮೆಯ ಕಿಡಿ ಸುಟ್ಟ ಸಣ್ಣ ಸಣ್ಣ ತೂತುಗಳು. ಅವನ್ನು ಹೊಲಿಯಲು ಹೋದರೆ, “ಬಿಡು, ನಾಳೆ ಹೊಸ ತೂತು ಬರುತ್ತೆ” ಅನ್ನುತ್ತಿದ್ದರು.

“‘ಕುಲುಮೆ ಫೋರ್‌ಮನ್, ಭದ್ರಾವತಿ’ ಅಂತ ಹಾಕಿ,” ಅಂದಳು.

ರವಿಕೆ ಬಟ್ಟೆ ತರುವುದು ಮರೆತೇಹೋಯಿತು. ಉಜ್ಜನಪ್ಪ ಅದನ್ನು ಕೇಳಲೂ ಇಲ್ಲ.

ಶನಿವಾರ ಮಧ್ಯಾಹ್ನ ಪತ್ರಿಕೆಯ ಕಟ್ಟು ಬಂತು. ಬಸ್ಸಿನವನ ಕೈಯಲ್ಲಿ ಶೇಷಪ್ಪ ಕಳಿಸಿದ್ದ. ಉಜ್ಜನಪ್ಪ ಜಗುಲಿಯಲ್ಲಿ ಕೂತು ದಾರ ಬಿಚ್ಚಿದರು. ಜಗದಾಂಬಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಳು; ಕೈ ಆಗಲೇ ಒಣಗಿತ್ತು, ಆದರೂ ಒರೆಸುತ್ತಿದ್ದಳು. ಒಳಗೆ ತನುಜಾ ಪಾತ್ರೆ ಜೋಡಿಸುವ ಸದ್ದು ನಿಂತಿತು.

ಉಜ್ಜನಪ್ಪ ಮೇಲಿನಿಂದ ಓದಿದರು. ಹುಡುಗನ ಹೆಸರಿಗೆ ಬಂದರು, ಕೆಳಗಿನ ಸಾಲಿಗೆ ಬಂದರು, ದಾಟಿ ಹೋದರು. ಕೊನೆಗೆ ತಮ್ಮ ಹೆಸರಿನ ಕೆಳಗೆ ಬಂದು ನಿಂತರು.

“ಇದನ್ನ ಯಾರು ಹಾಕ್ಸಿದ್ದು?”

“ನಾನೇ.”

“ಕುಲುಮೆ ಫೋರ್‌ಮನ್ ಅಂತ.”

“ಅಲ್ವಾ ಮತ್ತೆ?”

“ತಪ್ಪು,” ಅಂದರು ಉಜ್ಜನಪ್ಪ.

ಜಗದಾಂಬಾ ಸೆರಗು ಬಿಟ್ಟು ಬಾಗಿಲ ಚೌಕಟ್ಟು ಹಿಡಿದಳು.

“ಸೀನಿಯರ್ ಫೋರ್‌ಮನ್ ನಾನು. ಬಿಡೋ ಹೊತ್ತಿಗೆ ಸೀನಿಯರ್ ಆಗಿದ್ದೆ. ಇಷ್ಟು ವರ್ಷ ಸಂಸಾರ ಮಾಡಿ ನಿಂಗೆ ಅಷ್ಟೂ ಗೊತ್ತಿಲ್ವಾ ಮಾರಾಯ್ತಿ? ಜನ ಏನಂದ್ಕೋತಾರೆ?” ಎಂದು ಜೇಬಿನಿಂದ ಪೆನ್ನು ತೆಗೆದು, ಮೊದಲ ಪತ್ರಿಕೆಯ ಮೇಲೆ, ‘ಫೋರ್‌ಮನ್’ ಎಂಬುದರ ಮೇಲೆ ಇದ್ದ ಚೂರು ಜಾಗದಲ್ಲಿ, ಕೆಂಪಗೆ ಕಾದ ಕಬ್ಬಿಣ ಮುಟ್ಟುವಷ್ಟು ಹುಷಾರಾಗಿ ‘ಸೀನಿಯರ್’ ಎಂದು ಬರೆದರು. ದೂರ ಹಿಡಿದು ನೋಡಿದರು. ಎರಡನೆಯದನ್ನು ಎತ್ತಿಕೊಂಡರು.

“ಎಲ್ಲಾದಕ್ಕೂ ಬರೀತೀರಾ?”

“ಮತ್ತೆ? ಒಬ್ಬರ ಮನೇಲಿ ಸೀನಿಯರ್, ಇನ್ನೊಬ್ಬರ ಮನೇಲಿ ಬರೀ ಫೋರ್‌ಮನ್ ಆಗೋಕಾಗುತ್ತಾ?”

“ಹುಡುಗನ ಸಾಲು?”

“ಇರ್ಲಿ ಬಿಡು. ಅವನಿಗೆ ಸೀನಿಯರ್ ಆಗೋಕೆ ಇನ್ನೂ ಟೈಮಿದೆ.” ತಲೆಯೆತ್ತದೆ ಹೇಳಿದರು: “ಒಂದನ್ನ ದೇವರ ಮುಂದೆ ಇಡು. ನಾಳೆ ಬೆಳಗ್ಗೆ ಮೊದಲನೇದು ಪದ್ಮಮ್ಮನೋರಿಗೇ ಕೊಟ್ಟು ಬರೋಣ. ಜ್ಯೇಷ್ಠದ ಮಾತು ನೀನಾಗಿ ಎತ್ತಬೇಡ.”

ಒಳಗೆ ಪಾತ್ರೆಗಳು ಮತ್ತೆ ಸದ್ದು ಮಾಡತೊಡಗಿದವು. ಜೋಡಿಸುವ ಸದ್ದಲ್ಲ, ಕಿಣಿಕಿಣಿ ಅನ್ನುವ ಸದ್ದು.

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಉಜ್ಜನಪ್ಪನವರ ತಲೆಯ ಮೇಲೆ ಜಗುಲಿಯ ಬಲ್ಬು ಬೆಳಗಿನಿಂದ ಉರಿಯುತ್ತಲೇ ಇತ್ತು. ರೂಢಿಯಂತೆ ಜಗದಾಂಬಾಳ ಕೈ ಸ್ವಿಚ್ಚಿಗೆ ಹೋಯಿತು.

“ಆರಿಸ್ಬೇಡ, ಬರೀತಿದೀನಿ,” ಅಂದರು ಅವರು.

ಅವಳು ಕೈ ತೆಗೆದಳು. ಸ್ವಲ್ಪ ಹೊತ್ತಿಗೆ ಕರೆಂಟು ತಾನಾಗೇ ಹೋಯಿತು. ಉಜ್ಜನಪ್ಪನವರಿಗೆ ಅದು ಗೊತ್ತಾಗಲಿಲ್ಲ. ಒಂದು ಮುಗಿಸಿ ಇನ್ನೊಂದನ್ನು ಎತ್ತಿಕೊಂಡು, ನಾಲಿಗೆ ಕಚ್ಚಿ, ಬರೆಯುತ್ತಲೇ ಇದ್ದರು.